ಪುಕ್ಕಿಯ ಪಾಲಿಗೆ ಬಂದ ಚೀಟಿ

ಹತ್ತನೆಯ ತರಗತಿಯ ಬೀಳ್ಕೊಡುಗೆಗೆ ಕ್ಲಾಸ್ ಮೇಷ್ಟ್ರು ಒಂದು ಏರ್ಪಾಟು ಮಾಡಿದ್ದರು. ಎಲ್ಲರ ಹೆಸರನ್ನೂ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುವುದು. ಯಾರ ಕೈಗೆ ಯಾರು ಸಿಕ್ಕರೋ ಅವರ ಬಗ್ಗೆ ವೇದಿಕೆಯಲ್ಲಿ ಪ್ರೀತಿಯಿಂದ ನಾಲ್ಕು ಮಾತಾಡುವುದು. ಥೂ, ಪ್ರೀತಿಯಂತೆ! ವರ್ಷಗಟ್ಟಲೆ ಒಬ್ಬರ ಕಾಲು ಒಬ್ಬರು ಎಳೆದವರಿಗೆ ಒಂದೇ ದಿನಕ್ಕೆ ಬಾಯಿ ತುಂಬ ಬೆಲ್ಲ.

“ನಮ್ಮನ್ನ ಒಂದು ಮಾತು ಕೇಳ್ಬಾರ್ದಾ?” ಎಂದು ಪುಕ್ಕಿ ಗೊಣಗಿದ್ದಕ್ಕೆ ಅವಳ ಸೋದರಮಾವ, “ಕೋಳೀನ ಕೇಳಿ ಮಸಾಲೆ ಅರೀತಾರೇನೇ?” ಎಂದು ನಕ್ಕಿದ್ದ. ಅವನದು ಕೋಳಿ ಅಂಗಡಿ. ಬೆಳಿಗ್ಗೆ ಅವಳು ಮೊದಲು ಅಲ್ಲಿಗೆ ಹೋಗಿ, ಬಿಸಿನೀರಲ್ಲಿ ಅದ್ದಿದ ಕೋಳಿಗಳ ಪುಕ್ಕ ಕಿತ್ತು, ಕರುಳು ತೆಗೆದು ಬಕೆಟ್ಟಿಗೆ ಹಾಕಿ, ನೆಲ ತೊಳೆದು ಆಮೇಲೆ ಸ್ಕೂಲಿಗೆ ಬರಬೇಕು. ಎಂಟನೆಯ ತರಗತಿಯಲ್ಲಿ ಒಂದು ದಿನ ಜಡೆಯಲ್ಲಿ ಬಿಳಿ ಪುಕ್ಕವೊಂದು ಸಿಕ್ಕಿಕೊಂಡು ಬಂದಿತ್ತು. ಅವತ್ತಿನಿಂದ ಅವಳ ನಿಜವಾದ ಹೆಸರು ಹಾಜರಿಗೆ ಮಾತ್ರ. ಬೆಂಚಿನಲ್ಲಿ ಅವಳ ಪಕ್ಕದ ಜಾಗವೂ ಅವತ್ತೇ ಖಾಲಿಯಾಯಿತು.

ಅವಳಿಗೂ ಅವರನ್ನು ಕಂಡರೆ ಹೇಸಿಗೆ. ಹೇಸಿಗೆಯೆಂದರೇನೆಂದು ಕರುಳು ತೊಳೆಯುವವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಸದಾ ಮೊದಲು ಬರುವ ‘ರ‍್ಯಾಂಕು’ ಮೂಗಿನೊಳಗೆ ಆಡಿಸಿದ ಬೆರಳಲ್ಲೇ ಪುಟ ತಿರುಗಿಸುತ್ತಾನೆ. ಡಾಕ್ಟರ ಮಗಳು ಅಗಿದ ಚೂಯಿಂಗ್ ಗಮ್ಮನ್ನು ಬೆಂಚಿನಡಿ ಅಂಟಿಸಿ, ಮಧ್ಯಾಹ್ನ ಮತ್ತೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾಳೆ. ಇಂಥವರಿಗೆ ಪುಕ್ಕಿ ಕೊಳಕಿಯಂತೆ!

ಆದರೂ ಒಂದಾಸೆ. ತನ್ನ ಹೆಸರೂ ಡಬ್ಬಿಯಲ್ಲಿತ್ತಲ್ಲ. ಯಾರಾದರೊಬ್ಬರು ಎಲ್ಲರೆದುರು ತನ್ನ ಬಗ್ಗೆ ಒಂದು ಒಳ್ಳೆಯ ಮಾತು ಆಡಲೇಬೇಕು. ಸುಳ್ಳೇ ಆಗಲಿ, ಕಿವಿಯಾರೆ ಕೇಳಬೇಕು. ಹಾಗೆ ಆಸೆಪಟ್ಟದ್ದಕ್ಕೆ ತನ್ನ ಮೇಲೇ ಅಸಹ್ಯವಾಗಿ, ಬೀಳ್ಕೊಡುಗೆಯ ದಿನ ಬೆಳಿಗ್ಗೆ ಬಚ್ಚಲಿನಿಂದಲೇ “ನಾನು ಹೋಗಲ್ಲಮ್ಮ” ಎಂದಳು.

“ಹೋಗದೇ ಇರೋಳು ಕೈನ ಆ ಪಾಟಿ ಯಾಕೆ ಉಜ್ತಿದ್ದೀಯ?” ಎಂದಳು ಅಮ್ಮ.

ಹಿಂದಿನ ದಿನ ಪುಕ್ಕಿಗೆ ಸಿಕ್ಕಿದ್ದ ಚೀಟಿಯಲ್ಲಿ ರ‍್ಯಾಂಕಿನ ಹೆಸರಿತ್ತು. ಒಮ್ಮೆ ಕೇಳದೆಯೇ ಲೆಕ್ಕ ಹೇಳಿಕೊಟ್ಟಿದ್ದ, ಅದನ್ನೇ ಹೇಳೋಣವೆಂದುಕೊಂಡಿದ್ದಳು. ಕಾರ್ಯಕ್ರಮಕ್ಕೆ ಮುಂಚೆ ಡಾಕ್ಟರ ಮಗಳು ಬಂದು ಹೆಗಲ ಮೇಲೆ ಕೈ ಹಾಕಿದಳು.

“ರ‍್ಯಾಂಕು ನಿಂಗೆ ಸಿಕ್ಕಿದಾನಂತೆ? ನಂಗೆ ಕೊಡೇ, ಒಂದನೇ ಕ್ಲಾಸಿಂದ ಜೊತೆಗಿದೀವಿ. ನಂದು ನೀನು ತಗೋ.”

“ನಿಂದ್ಯಾರು?”

“ವೇದಿಕೆ ಮೇಲೇ ಬಿಚ್ಚಿ ನೋಡು, ಮಜಾ ಇರುತ್ತೆ.”

ಹೆಗಲ ಮೇಲಿನ ಕೈ ಹಾಗೇ ಇತ್ತು. ಬೇಡವೆಂದರೆ ತೆಗೆದುಬಿಡುತ್ತಾಳೇನೋ ಎಂದು ಹೆದರಿ ಪುಕ್ಕಿ ಚೀಟಿ ಕೊಟ್ಟುಬಿಟ್ಟಳು.

ಆಮೇಲೆ ಶುರುವಾಯಿತು ನೋಡಿ. ಕಂಡವರ ಊಟದ ಡಬ್ಬಿ ಕದ್ದು ತಿಂದವನಿಗೆ ‘ಎಲ್ಲರೊಡನೆ ಬೆರೆಯುವ ಗುಣ’. ಚಾಡಿ ಹೇಳಿಕೊಂಡೇ ಮೇಲೆ ಬಂದವಳಿಗೆ ‘ನೇರ ನುಡಿ’. ಎಲ್ಲ ಸುಳ್ಳೆಂದು ಪುಕ್ಕಿಗೆ ಗೊತ್ತಿತ್ತು. ಆದರೂ ಪ್ರತಿಯೊಬ್ಬರು ವೇದಿಕೆ ಹತ್ತಿದಾಗಲೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು. ಎಲ್ಲರದೂ ಮುಗಿಯಿತು, ಅವಳ ಹೆಸರು ಬರಲಿಲ್ಲ. ಕೊನೆಗೆ ಮಾತಾಡಲು ಅವಳನ್ನೇ ಕರೆದರು.

ಎಷ್ಟು ಕೈ ದಾಟಿ ಬಂದಿತ್ತೋ, ಚೀಟಿ ಮೆತ್ತಗಾಗಿ ಮಡಿಕೆಯಲ್ಲಿ ಹರಿದಿತ್ತು. ಬಿಚ್ಚಿದರೆ ಅವಳದೇ ಹೆಸರು. ಮುಂದಿನ ಸಾಲಿನಲ್ಲಿ ಡಾಕ್ಟರ ಮಗಳು ಕರ್ಚೀಫನ್ನು ಬಾಯಿಗೆ ತುರುಕಿಕೊಂಡಿದ್ದಳು.

“ಯಾರಮ್ಮ ಸಿಕ್ಕಿದ್ದು?” ಎಂದರು ಮೇಷ್ಟ್ರು.

“ಯಾರಿಗೂ ಬೇಡವಾದವಳು ಸಿಕ್ಕಿದಾಳೆ ಸರ್. ಎಲ್ಲರೂ ದಾಟಿಸಿ ದಾಟಿಸಿ ನನ್ನ ಕೈಗೇ ತಂದುಕೊಟ್ಟಿದಾರೆ. ಇವಳ ಬಗ್ಗೆ ಒಳ್ಳೇದು ಹೇಳ್ಬೇಕಲ್ವಾ, ಹೇಳ್ತೀನಿ. ಮೂರು ವರ್ಷ ಒಬ್ಬಳೇ ಕೂತ್ಲು. ಆದ್ರೂ ನಿಮ್ಮಲ್ಲಿ ಯಾರಾದ್ರೂ ಒಂದು ಒಳ್ಳೇ ಮಾತಾಡ್ತೀರಿ ಅಂತ ನಂಬ್ಕೊಂಡು ಇವತ್ತು ಬಂದ್ಲು. ಇನ್ಮೇಲೆ ನಂಬಲ್ಲ.”

ಅವಳು ವೇದಿಕೆಯಿಂದಿಳಿದು ಯಾರ ಮುಖವನ್ನೂ ನೋಡದೆ ಬಾಗಿಲು ದಾಟಿದಳು. ಹಿಂದೆ ಮೇಷ್ಟ್ರೊಬ್ಬರೇ, ಅಭ್ಯಾಸಬಲದಿಂದ, ಚಪ್ಪಾಳೆ ತಟ್ಟುತ್ತಿದ್ದರು.