ಬ್ಯಾಟರಿ ಇಲ್ಲದ ಮುಂಜಾನೆ

ಬ್ಯಾಟರಿ ಬಿಚ್ಚಿಟ್ಟು ಗಾಡಿ ಓಡಿಸಬೇಡಿ ಎಂದು ನಾನು ಎಷ್ಟು ಜನರಿಗೆ ಬೈದು ಹೇಳಿದ್ದೇನೋ ನನಗೇ ನೆನಪಿಲ್ಲ. ಜಮಖಂಡಿಯಲ್ಲಿ ಮುಧೋಳ ರಸ್ತೆಗೆ ನನ್ನದೊಂದು ಸಣ್ಣ ಅಂಗಡಿ ಇತ್ತು, ಈಗಲೂ ಇದೆ. ಮೋಟಾರ್ ಸೈಕಲ್ಲಿನ ವೈರಿಂಗ್, ಹಾರ್ನು, ಲೈಟು, ಚಾರ್ಜಿಂಗ್ ಕೆಲಸ. ಆಗ ಊರಲ್ಲಿ ಕರೆಂಟ್ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಸಂಜೆಯಾದರೆ ಜನ ಗಾಡಿಯ ಬ್ಯಾಟರಿ ಬಿಚ್ಚಿ ಮನೆಯೊಳಗೆ ಒಯ್ದು ಅದಕ್ಕೆ ಬಲ್ಬು, ರೇಡಿಯೊ, ಸಣ್ಣ ಟಿವಿ ಹಚ್ಚುತ್ತಿದ್ದರು. ಮರುದಿನ ಅದನ್ನು ಮತ್ತೆ ಕೂಡಿಸಲು ಬೇಸರ. ಹಾಗೇ ಕಿಕ್ ಹೊಡೆದು ಹೊರಟುಬಿಡುವರು. ಹಳೆಯ ಗಾಡಿ, ಬ್ಯಾಟರಿ ಇಲ್ಲದಿದ್ದರೂ ಓಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಲ್ಬುಗಳನ್ನೆಲ್ಲ ಸುಟ್ಟುಕೊಂಡು ನನ್ನ ಮುಂದೆ ಬಂದು ನಿಂತಿರುತ್ತಿದ್ದರು.

"ಡ್ಯಾಮ್ ಯಾಕ ಕಟ್ಯಾರ್ರಿ?" ಎಂದು ನಾನು ಶುರು ಮಾಡುತ್ತಿದ್ದೆ. "ಬಂದ ನೀರು ಅಲ್ಲಿ ನಿಂತು, ಬೇಕಾದಷ್ಟ ಕಾಲುವಿಗೆ ಬರ್ಲಿ ಅಂತ, ಹೌದಿಲ್ಲೋ? ಬ್ಯಾಟರಿನೂ ಹಂಗ. ಅದನ್ನ ತಗದ್ರ ಇಂಜಿನ್ ಜೋರಾದಷ್ಟೂ ಕರೆಂಟ್ ಸೀದಾ ಬಲ್ಬಿಗೆ ನುಗ್ಗತೈತಿ."

ಅವರು ತಲೆ ಆಡಿಸಿ ಹೋಗುತ್ತಿದ್ದರು, ಮುಂದಿನ ವಾರ ಅದೇ ಕೆಲಸ ಮಾಡಿಕೊಂಡು ಬರುತ್ತಿದ್ದರು. ದಡ್ಡರು ಎಂದು ನಗುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದು ತಿಳಿಯದೆ ನಡೆಯಿತು ಎಂದು ಯಾರೂ ನನಗೆ ಸಮಾಧಾನ ಹೇಳಬಾರದು.

ನಾವು ಮೂಲತಃ ಬನಹಟ್ಟಿಯವರು. ಅಪ್ಪ ಹೋದಾಗ ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿನೇಳು. ಅವಳಿಗೆ ಗೊತ್ತಿದ್ದದ್ದು ಒಂದೇ ಕೆಲಸ, ಕೆಚ್ಚುವುದು. ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಾಗ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಕೂಡಿಸಬೇಕು. ಅದಕ್ಕೇ ಕೆಚ್ಚುವುದು ಅನ್ನುವುದು. ಗಂಟು ಹಾಕುವ ಹಾಗಿಲ್ಲ, ಹೆಬ್ಬೆರಳು ತೋರುಬೆರಳಿನ ನಡುವೆ ಎರಡೂ ತುದಿ ಹಿಡಿದು ಹೊಸೆದರೆ ಅವು ಒಂದಾಗಬೇಕು. ಒಂದು ಸೀರೆಯ ಹಾಸಿನಲ್ಲಿ ಸಾವಿರಾರು ಎಳೆ. ಅಕ್ಕ ಪಕ್ಕದಲ್ಲಿ ಒಂದು ಮುಷ್ಟಿ ಒಲೆಯ ಬೂದಿ ಇಟ್ಟುಕೊಂಡು, ಬೆರಳಿಗೆ ಹಚ್ಚಿಕೊಳ್ಳುತ್ತ, ಮಾತಾಡುತ್ತ, ನಗುತ್ತ ಹೊಸೆಯುತ್ತಿದ್ದಳು. ಕಣ್ಣು ಎಳೆಯ ಮೇಲೆ ಇರುತ್ತಲೇ ಇರಲಿಲ್ಲ. ಅವಳು ಕೂಡಿಸಿದ ಎಳೆ ಮಗ್ಗದ ಹಣಿಗೆಯಲ್ಲಿ ಹರಿದದ್ದನ್ನು ಯಾರೂ ಕಂಡಿರಲಿಲ್ಲ. ನಾನು ಐಟಿಐ ಕಲಿತದ್ದು, ಅಂಗಡಿ ಇಟ್ಟದ್ದು ಎಲ್ಲವೂ ಆ ಎರಡು ಬೆರಳಿನಿಂದ. ಅವಳು ಮದುವೆಯಾಗಲಿಲ್ಲ. ಕೇಳಲು ಬಂದವರಿಗೆ, "ಮೊದಲ ಇವನೊಂದು ದಡ ಮುಟ್ಲಿ" ಅನ್ನುತ್ತಿದ್ದಳು. ನಾನು ದಡ ಮುಟ್ಟುವುದರೊಳಗೆ ಕೇಳುವವರು ಬರುವುದು ನಿಂತಿತ್ತು.

ಅಂಗಡಿಗಾಗಿ ನಾವು ಜಮಖಂಡಿಗೆ ಬಂದೆವು. ಅವಳ ಕೆಲಸ ಮಾತ್ರ ಒಂದಕ್ಕೊಂದು ಹತ್ತಿಕೊಂಡ ರಬಕವಿ, ಬನಹಟ್ಟಿಯಲ್ಲೇ ಉಳಿಯಿತು. ಪವರ್‌ಲೂಮಿನ ಶೆಡ್ಡುಗಳಿಗೆ ಮುಂಜಾನೆ ಕರೆಂಟ್ ಬರುವುದರೊಳಗೆ ಕೆಚ್ಚಿ ಮುಗಿಸಬೇಕು, ಇಲ್ಲವಾದರೆ ಮಗ್ಗ ಖಾಲಿ ನಿಲ್ಲುತ್ತದೆ. ಹಾಗಾಗಿ ನಸುಕಿನಲ್ಲೇ ನಾನು ಅವಳನ್ನು ಹಿಂದೆ ಕೂಡಿಸಿಕೊಂಡು ಹೊರಡುತ್ತಿದ್ದೆ. ನೀರಾವರಿ ಬಂದ ಮೇಲೆ ದಾರಿಯ ಎರಡೂ ಕಡೆ ಕಬ್ಬೇ ಕಬ್ಬು. ಚಳಿಗಾಲದಲ್ಲಿ ಹಸಿ ಹೊಲದ ಥಂಡಿ ಗಾಳಿ ಎಲುಬಿಗೆ ಹತ್ತುತ್ತಿತ್ತು.

ಒಂದು ಚಳಿಗಾಲ ಅಕ್ಕನ ಬೆರಳು ಸುಣ್ಣದಂತೆ ಬೆಳ್ಳಗಾದವು. ಶೆಡ್ಡಿನಲ್ಲಿ ಇಳಿದಾಗ ನೀಲಿಗಟ್ಟಿದ್ದವು. ಒಲೆಯ ಮುಂದೆ ಅರ್ಧ ತಾಸು ಕೂತ ಮೇಲೆ ಕೆಂಪಾಗಿ, ಆಮೇಲೆ ಅವಳ ಮಾತು ಕೇಳಿದವು. ಡಾಕ್ಟರು ನೋಡಿ, "ಥಂಡ್ಯಾಗ ಬೆರಳ ತುದಿಗೆ ರಕ್ತ ಹೋಗಾಂಗಿಲ್ರಿ. ಕೈ ಬೆಚ್ಚಗ ಇಟ್ಕೋರಿ, ಸಾಧ್ಯ ಆದ್ರ ಈ ಕೆಲಸ ಬಿಡ್ರಿ" ಅಂದರು.

"ಕೆಲಸ ಬಿಟ್ಟು ಕೈ ಬೆಚ್ಚಗ ಇಟ್ಕೊಂಡು ಏನ್ ಮಾಡ್ಲಿರಿ, ಪೂಜಿ ಮಾಡ್ಲೇನು ಅವಕ್ಕ?" ಎಂದು ಅಕ್ಕ ಕೇಳಿದಳು. ಡಾಕ್ಟರು ನಕ್ಕರು. ನಾನು ನಗಲಿಲ್ಲ. ಉಣ್ಣೆಯ ಗ್ಲೌಸು ತಂದೆ, ಅದರ ಮೇಲೆ ಇನ್ನೊಂದು ಹಾಕಿಸಿದೆ, ಏನೂ ಆಗಲಿಲ್ಲ. ಮರುವರ್ಷ ಬೇಸಗೆಯಲ್ಲೂ ಬೆರಳ ತುದಿ ಜೋಮು ಹಿಡಿದ ಹಾಗೇ ಇರತೊಡಗಿತು. ಒಮ್ಮೆ ಸೂಜಿ ಚುಚ್ಚಿ ರಕ್ತ ಬಂದದ್ದನ್ನು ಅವಳು ನೋಡಿ ತಿಳಿದುಕೊಂಡಳೇ ಹೊರತು ನೋವಿನಿಂದ ಅಲ್ಲ. ಆದರೂ ಎಳೆ ಹೊಸೆಯುತ್ತಿದ್ದಳು. ಅದು ಹೇಗೆ ಎಂದು ಕೇಳಿದರೆ, "ಬೆರಳಿಗೆ ಗೊತ್ತೈತಿ, ನನಗ್ಯಾಕ ಕೇಳ್ತಿ" ಅನ್ನುವಳು. ಈ ಸೂಜಿಯ ಮಾತನ್ನು ನಾನು ನೆನಪಿಡಬೇಕಿತ್ತು.

ಅದೇ ಸುಮಾರಿಗೆ ರಜೆಯ ಮೇಲೆ ಬಂದ ಮಿಲಿಟರಿಯವನೊಬ್ಬ ಅಂಗಡಿಯಲ್ಲಿ ಕೂತು, ತಾನಿರುವ ಹಿಮದ ಕಡೆ ಬರುವ ಫಾರಿನ್ ಮಂದಿ ಗಾಡಿಯ ಬ್ಯಾಟರಿಗೆ ವೈರು ಚುಚ್ಚಿ ಬಿಸಿಯಾಗುವ ಜಾಕೀಟು, ಗ್ಲೌಸು ಹಾಕಿಕೊಳ್ಳುತ್ತಾರೆ ಎಂದ. ನನಗೆ ಅಷ್ಟೇ ಸಾಕಾಯಿತು. ಆ ದಿನ ಊಟ ಸೇರಲಿಲ್ಲ, ಅಷ್ಟು ಖುಷಿ.

ಸಾಂಗಲಿಯಿಂದ ಹೀಟರಿನ ಸಪೂರ ತಂತಿ ತಂದೆ. ಶಾಖ ತಡೆಯುವ ಕೊಳವೆಯಲ್ಲಿ ಅದನ್ನು ತೂರಿಸಿ, ಗ್ಲೌಸಿನ ಬೆರಳುಗಳ ಉದ್ದಕ್ಕೂ ಹೋಗಿ ತುದಿಯಲ್ಲಿ ಎರಡು ಸುತ್ತು ಬರುವಂತೆ ಹಾಕಿದೆ. ಮುಂಗೈಗೆ ಹಾಕಲಿಲ್ಲ, ಯಾಕೆಂದರೆ ಥಂಡಿ ಹಿಡಿಯುತ್ತಿದ್ದದ್ದು ತುದಿಗೆ. ಒಳಗಿನ ಅರಿವೆಯನ್ನು ಅಕ್ಕನೇ ಹೊಲಿದಳು. ಹಳೆಯ ಸೀರೆಯ ತುಂಡುಗಳನ್ನು ಕೌದಿಗೆ ಹಾಕುವ ಹಾಗೆ ಮೂರು ಪದರು ಇಟ್ಟು ಸಣ್ಣ ಸಣ್ಣ ಹೊಲಿಗೆ. "ಜಗತ್ತಿನ್ಯಾಗ ಕೌದಿ ಹಾಸ್ಕೊಂಡ ಮಲಗೋರನ್ನ ನೋಡೇನಿ. ಕೈಗೆ ಹಾಕ್ಕೋಳಾಕಿ ನಾನೊಬ್ಬಾಕಿನ" ಎಂದು ನಗಾಡಿದಳು.

ಗಾಡಿಯ ಚಾರ್ಜಿಂಗ್ ಇದಕ್ಕೆ ಸಾಲಲಿಲ್ಲ. ಎರಡು ಗ್ಲೌಸು ಹಚ್ಚಿದರೆ ರಬಕವಿ ಬರುವುದರೊಳಗೆ ಬ್ಯಾಟರಿ ಸತ್ತುಹೋಗುತ್ತಿತ್ತು. ಇಂಜಿನ್ನಿನೊಳಗೆ ಕರೆಂಟ್ ಹುಟ್ಟಿಸುವ ಕಾಯಿಲ್ ಬಿಚ್ಚಿ ದಪ್ಪ ತಂತಿಯಿಂದ ಹೊಸದಾಗಿ ಸುತ್ತಿದೆ. ಆಗ ಕರೆಂಟ್ ಹೆಚ್ಚಾಗಿ, ಅದನ್ನು ಹದದಲ್ಲಿಡುವ ರೆಗ್ಯುಲೇಟರು ಎರಡು ಸಲ ಸುಟ್ಟಿತು. ಮೂರನೆಯ ಸಲ ಅದನ್ನು ಕಿತ್ತೇ ಹಾಕಿದೆ. ಹೆಚ್ಚಿನದನ್ನು ಬ್ಯಾಟರಿ ಹೀರಿಕೊಳ್ಳುತ್ತದಲ್ಲ, ಸಾಕು ಅಂದುಕೊಂಡೆ. ಫ್ಯೂಸು ಪದೇಪದೇ ಹಾರುತ್ತಿತ್ತು, ಅದರ ಜಾಗದಲ್ಲಿ ತಾಮ್ರದ ಎಳೆ ಕಟ್ಟಿದೆ. ಇದು ನಮ್ಮ ಕಡೆಯ ರೋಗ. ಹೊಲದ ಮೋಟಾರಿನಿಂದ ಹಿಡಿದು ಗುಡಿಯ ಲೈಟಿನವರೆಗೆ ಎಲ್ಲರೂ ಫ್ಯೂಸಿನ ಜಾಗಕ್ಕೆ ತಾಮ್ರ ಕಟ್ಟುವವರೇ. ಆಮೇಲೆ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ನನ್ನ ಕೈಗೇ ಗ್ಲೌಸು ಹಾಕಿಕೊಂಡು ಪರೀಕ್ಷೆ ಮಾಡಿದೆ. ಹಿತವಾದ ಬಿಸಿ.

ಆ ಚಳಿಗಾಲ ಒಂದೂವರೆ ತಿಂಗಳು ನಾನು ಕಂಡ ಸುಖ ಮುಂದೆ ಕಾಣಲಿಲ್ಲ. ಅಕ್ಕ ಗಾಡಿ ಹತ್ತಿ, ಸೀಟಿನ ಬದಿಗೆ ಬಿಟ್ಟಿದ್ದ ಪಿನ್ನಿಗೆ ತಾನೇ ವೈರು ಚುಚ್ಚಿಕೊಳ್ಳುವಳು. ಬನಹಟ್ಟಿಯಲ್ಲಿ ಇಳಿದ ಕೂಡಲೇ ಕೆಲಸಕ್ಕೆ ಕೂಡುವಳು. ಶೆಡ್ಡಿನ ಸಾವುಕಾರರು ಬಂದು, "ಏನ್ ಮಾಂತ್ರಿಕ ಅದೀಯಪಾ ನೀ" ಅಂದರು. ನಾನು ಉಬ್ಬಿಹೋದೆ. ಬೇಕಾದರೆ ಇಡೀ ಜಿಲ್ಲೆಗೆ ಗ್ಲೌಸು ಮಾಡಿಕೊಡುತ್ತೇನೆ ಎಂಬಂತೆ ಓಡಾಡಿದೆ.

ನಮ್ಮ ಎದುರು ಮನೆಯ ಕಾಕಾ ಒಂದು ಸಂಜೆ ಬಂದರು. ಅವರ ಮನೆಯಲ್ಲಿ ಭಜನೆ ಇತ್ತು, ಕರೆಂಟ್ ಹೋಗಿತ್ತು. "ತಮ್ಮಾ, ಇವತ್ತೊಂದಿನ ನಿನ್ನ ಬ್ಯಾಟರಿ ಕೊಡಪಾ. ಮೈಕ್ ಹಚ್ಚೂದೈತಿ."

"ಒಯ್ರಿ ಕಾಕಾ, ಅದರಾಗೇನೈತಿ" ಅಂದೆ. ನಾನೇ ಬಿಚ್ಚಿ ಕೊಟ್ಟೆ. ಬ್ಯಾಟರಿ ಕೇಳಿದವರಿಗೆ ಇಲ್ಲ ಅನ್ನುವ ಪದ್ಧತಿ ನಮ್ಮ ಓಣಿಯಲ್ಲಿ ಇರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಅದು ನಾನೇ.

ಮುಂಜಾನೆ ಕಾಕಾನ ಬಾಗಿಲು ಹಾಕಿತ್ತು. ಮಲಗಿರುವ ಮುದುಕನನ್ನು ಎಬ್ಬಿಸುವುದು ಬೇಡವೆನಿಸಿತು. ಅವತ್ತು ಶೆಡ್ಡಿನಲ್ಲಿ ಎರಡು ಮಗ್ಗ ಕಾಯುತ್ತಿದ್ದವು. ಕಿಕ್ ಹೊಡೆದೆ, ಗಾಡಿ ಎದ್ದಿತು. ಬ್ಯಾಟರಿಯಿಲ್ಲದ ಮೇಲೆ ಗ್ಲೌಸು ಎಲ್ಲಿ ಬಿಸಿಯಾಗಬೇಕು ಎಂದು ಒಂದು ಗಳಿಗೆ ಅಂದುಕೊಂಡದ್ದು ನೆನಪಿದೆ. ಊರಿಗೆಲ್ಲ ಡ್ಯಾಮಿನ ಕಥೆ ಹೇಳಿದವನಿಗೆ ಆ ಗಳಿಗೆ ಅದೇ ಕಥೆ ನೆನಪಾಗಲಿಲ್ಲ. ಅಕ್ಕ ರೂಢಿಯಂತೆ ಹಿಂದೆ ಕೂತು ವೈರು ಚುಚ್ಚಿಕೊಂಡಳು.

ಹೊತ್ತಾಗಿತ್ತು, ಜೋರಾಗಿ ಓಡಿಸಿದೆ. ಕಬ್ಬಿನ ಟ್ರ್ಯಾಕ್ಟರೊಂದು ದಾರಿ ಬಿಡಲಿಲ್ಲವೆಂದು ಹಾರ್ನು ಒತ್ತಿದರೆ ಅದು ಕಿವಿ ಹರಿಯುವಂತೆ ಕಿರುಚಿತು. ಎಂದೂ ಹಾಗೆ ಕೂಗಿರಲಿಲ್ಲ. ಇವತ್ತು ಹಾರ್ನಿಗೆ ಭಾರೀ ಗಂಟಲು ಬಂದಿದೆ ಅಂದುಕೊಂಡು ಇನ್ನೊಮ್ಮೆ ಒತ್ತಿದೆ. ಇಪ್ಪತ್ತು ವರ್ಷದ ಕಸುಬು ಕಿವಿಯಲ್ಲಿ ಕೂಗಿ ಹೇಳಿದರೂ ನನಗೆ ಕೇಳಲಿಲ್ಲ.

ರಬಕವಿ ಇನ್ನೂ ನಾಲ್ಕೈದು ಮೈಲಿ ಇದ್ದಾಗ ಅಕ್ಕ ಹಿಂದಿನಿಂದ ಕೇಳಿದಳು. "ಏನರ ಸುಟ್ಟ ವಾಸನಿ ಬರಾಕತ್ತೇತೇನೋ?"

ನನಗೂ ಬಂದಿತ್ತು. ಕಬ್ಬು ಕಡಿದ ಹೊಲದಲ್ಲಿ ಉಳಿಯುವ ಒಣ ಗರಿಗೆ ನಾವು ರವದಿ ಅನ್ನುತ್ತೇವೆ. ಆ ದಿನಗಳಲ್ಲಿ ಅದಕ್ಕೆ ಬೆಂಕಿ ಹಚ್ಚದ ಹೊಲವೇ ಇರಲಿಲ್ಲ. ಮೂರು ತಿಂಗಳು ನಮ್ಮ ಬಟ್ಟೆ, ಕೂದಲು, ರೊಟ್ಟಿ ಎಲ್ಲಕ್ಕೂ ಅದೇ ವಾಸನೆ.

"ರವದಿ ಸುಡಾಕತ್ತಾರ ಬೇ, ಮತ್ತೇನ" ಅಂದೆ.

"ಹೌದಾ" ಅಂದಳು. ಆಮೇಲೆ ಏನೂ ಕೇಳಲಿಲ್ಲ. ತಮ್ಮ ಹೇಳಿದನಲ್ಲ.

ಶೆಡ್ಡಿನ ಮುಂದೆ ಇಳಿದು ಗ್ಲೌಸು ಕಳಚಲು ಹೋದಳು, ಬರಲಿಲ್ಲ. ಒಳಗಿನ ಅರಿವೆ ಬೆರಳಿಗೆ ಅಂಟಿತ್ತು. ನಾನು ಎಳೆದೆ. ಎಳೆಯಬಾರದಿತ್ತು. ಬಲಗೈಯ ಹೆಬ್ಬೆರಳು, ತೋರುಬೆರಳಿನ ತುದಿಯ ಚರ್ಮ ಸೀರೆಯ ತುಂಡಿನ ಜೊತೆಗೇ ಬಂತು. ಅಕ್ಕ ತನ್ನ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತ ನಿಂತಳು. "ನೋವಿಲ್ಲೋ" ಅಂದಳು, ನನಗೆ ಧೈರ್ಯ ಹೇಳುವವಳಂತೆ. "ಏನೂ ನೋವಿಲ್ಲ, ನೀ ಅಂಜಬ್ಯಾಡ."

ನೋವಿಲ್ಲದ್ದೇ ಕೇಡಾಗಿತ್ತು. ಥಂಡಿ ತಿಳಿಯದ ಬೆರಳಿಗೆ ಬೆಂಕಿಯೂ ತಿಳಿದಿರಲಿಲ್ಲ. ನನ್ನ ಕೈಗೆ ಹಾಕಿಕೊಂಡು ಪರೀಕ್ಷೆ ಮಾಡಿದ್ದೆನಲ್ಲ, ನಿಂತ ಗಾಡಿಯ ಮೇಲೆ, ಬ್ಯಾಟರಿ ಇರುವಾಗ. ಅದನ್ನು ನೆನೆದು ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ. ಹಣೆ ಬಡಿದುಕೊಂಡೆ. ಸಾವುಕಾರರೇ ನಮ್ಮಿಬ್ಬರನ್ನೂ ದವಾಖಾನೆಗೆ ಕರೆದುಕೊಂಡು ಹೋದರು.

ಎರಡು ತಿಂಗಳು ಪಟ್ಟಿ ಕಟ್ಟಿಸಿದೆವು, ಮಿರಜಿನ ದೊಡ್ಡ ದವಾಖಾನೆಗೂ ಹೋಗಿಬಂದೆವು. ಎಡಗೈ ಉಳಿಯಿತು. ಬಲಗೈಯ ಎರಡು ಬೆರಳಿನ ಗಾಯ ಮಾಯಿತು, ಆದರೆ ತುದಿ ಗಟ್ಟಿಯಾಗಿ, ನುಣ್ಣಗೆ, ಹೊಳೆಯುವ ಹಾಗಾಯಿತು. ಎಳೆ ಅದರ ಮೇಲೆ ನಿಲ್ಲದೆ ಜಾರಿಬಿಡುತ್ತಿತ್ತು. ಅಕ್ಕ ಮನೆಯಲ್ಲಿ ಬೂದಿ ಇಟ್ಟುಕೊಂಡು, ಎರಡು ನೂಲು ಹಿಡಿದು ದಿನಗಟ್ಟಲೆ ಪ್ರಯತ್ನ ಮಾಡಿದಳು. ನಾನು ಅಂಗಡಿಯಿಂದ ಬರುವ ಸದ್ದಾದರೆ ಬೂದಿಯ ತಟ್ಟೆಯನ್ನು ಮಂಚದ ಕೆಳಗೆ ಸರಿಸುವಳು. ಒಂದು ದಿನ ಆ ತಟ್ಟೆ ತೊಳೆದು ಅಡುಗೆಮನೆಯ ಗೋಡೆಯ ಮಾಡಿನಲ್ಲಿ ಬೋರಲು ಹಾಕಿದ್ದಳು. ನಾನು ಅದನ್ನು ನೋಡಿದೆ.

ಶೆಡ್ಡಿಗೆ ಬೇರೆಯವರು ಬಂದರು. ಮಗ್ಗ ಯಾರಿಗೂ ಕಾಯುವುದಿಲ್ಲ. ಎದುರು ಮನೆಯ ಕಾಕಾ ಬಂದು ಕಣ್ಣೀರು ಹಾಕಿ, "ನಾ ಬ್ಯಾಟರಿ ಒಯ್ಬಾರದಿತ್ತಪಾ" ಅಂದರು. ಅವರ ತಪ್ಪಲ್ಲ ಎಂದು ಹೇಳುವಷ್ಟು ಒಳ್ಳೆಯತನವೂ ಆಗ ನನ್ನಲ್ಲಿ ಇರಲಿಲ್ಲ, ಮುಖ ತಿರುಗಿಸಿ ಒಳಗೆ ಹೋದೆ. ನಿಮ್ಮ ತಪ್ಪಲ್ಲ ಎಂದು ಅವರಿಗೆ ಹೇಳಿ ಕಳಿಸಿದವಳು ಅಕ್ಕ. ಕಾಯಿಲ್ ಬಿಚ್ಚಿದೆ, ವೈರು ಕಿತ್ತೆ, ಗ್ಲೌಸನ್ನು ಒಲೆಗೆ ಹಾಕಿದೆ. ಅದರಿಂದ ಏನಾಯಿತು? ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಅಕ್ಕ ನನ್ನನ್ನು ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಛಲೋ ಇತ್ತು. ಕೇಳಿದವರಿಗೆ ಅವಳು ಹೇಳುವುದು ಒಂದೇ ಮಾತು, "ರವದಿ ಹೊಗಿ ಅಂತ ನಾವಿಬ್ಬರೂ ಅಂದ್ಕೊಂಡ್ವಿ." ಇಬ್ಬರೂ ಅಂದುಕೊಳ್ಳಲಿಲ್ಲ. ಅವಳು ಕೇಳಿದಳು, ನಾನು ಹೇಳಿದೆ. ಆ ತಪ್ಪಿನಲ್ಲೂ ಅರ್ಧ ಪಾಲು ತಾನು ತೆಗೆದುಕೊಂಡಿದ್ದಾಳೆ, ನನ್ನ ಫೀಸಿನಂತೆ, ನನ್ನ ಅಂಗಡಿಯಂತೆ.

ಈಗ ಅವಳು ಎಲ್ಲಿಗೂ ದುಡಿಯಲು ಹೋಗುವುದಿಲ್ಲ. ಲಗ್ನಕ್ಕೋ, ಯಾರಾದರೂ ಸತ್ತವರ ದಿನಕ್ಕೋ ಬನಹಟ್ಟಿಗೆ ಕರೆದೊಯ್ಯುತ್ತೇನೆ. ಗ್ಲೌಸು ಇಲ್ಲ, ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂಡುತ್ತಾಳೆ. ಸಣ್ಣಗೆ ಹೆಬ್ಬೆರಳು ತೋರುಬೆರಳು ಉಜ್ಜಿಕೊಳ್ಳುತ್ತಿರುತ್ತಾಳೆ, ಅದು ನನ್ನ ಬೆನ್ನಿಗೆ ತಿಳಿಯುತ್ತದೆ. ಕಬ್ಬಿನ ಸುಗ್ಗಿಯಲ್ಲಿ ದಾರಿಯ ಮೇಲೆ ಸುಟ್ಟ ವಾಸನೆ ಬಂದರೆ ನನಗೆ ಗಾಡಿ ಓಡಿಸಲು ಆಗುವುದಿಲ್ಲ. ಎಲ್ಲಿದ್ದರೆ ಅಲ್ಲಿ ನಿಲ್ಲಿಸುತ್ತೇನೆ. ಇಳಿದು, ಸೆರಗು ಬಿಡಿಸಿ, ಅವಳ ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತೇನೆ.

ಹೋದ ಸಲವೂ ಹಾಗೇ ನಿಂತೆವು. ಎದುರಿನ ಹೊಲದಲ್ಲಿ ಬೆಂಕಿ ಕಣ್ಣಿಗೆ ಕಾಣುತ್ತಿತ್ತು.

"ಖರೇನ ರವದಿ ಐತೋ ತಮ್ಮಾ" ಅಂದಳು ಅಕ್ಕ. "ನೋಡಲ್ಲೆ. ಖರೇನ ರವದಿ. ಇನ್ನರ ನಡಿ."

ನಾನು ಇನ್ನೂ ಅವಳ ಕೈ ಬಿಟ್ಟಿರಲಿಲ್ಲ.