ದೊಡ್ಡಮ್ಮನ ದೊಡ್ಡ ಗೋಲಿ

ಮೊನ್ನೆ ಮಸುಕಾದ ಹಳೇ ಗಾಜಿನ ಗೋಲಿಯೊಂದಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದೆ. ಎಣ್ಣೆ ಸವರಿದರೆ ಮೇಲಿನ ಗೀರುಗಳು ಮರೆಯಾಗಿ ಒಳಗಿನ ಬಣ್ಣದ ಎಳೆಗಳು ಕಾಣುತ್ತವೆ. ಆ ವಾಸನೆಗೆ ಎದುರುಮನೆ ದೊಡ್ಡಮ್ಮ ನೆನಪಾದರು... ಈ ಉಪಾಯ ಹೇಳಿಕೊಟ್ಟವರು ಅವರೇ.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗಗಳ ಸದ್ದಿಗೆ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದೆವು. ದೊಡ್ಡಮ್ಮ ರೇಷ್ಮೆ ನೂಲು ಸುತ್ತುತ್ತಲೇ ಮುದುಕಿಯಾದವರು. ತವರಿನಿಂದ ಅವರು ತಂದಿದ್ದ ಒಂದು ಡಬ್ಬಿ ಗೋಲಿ ನೋಡಿ, ಹೆಂಗಸಿಗೆ ಇದ್ಯಾಕೆ ಎಂದು ಬೀದಿಯೆಲ್ಲ ನಗುತ್ತಿತ್ತು. ಹಳೇ ಸಾಮಾನು ಕೊಳ್ಳುವವರು ಬೆಂಗಳೂರಿನಿಂದ ಅವರ ಮನೆ ಹುಡುಕಿಕೊಂಡು ಬರತೊಡಗಿದ ಮೇಲೆ ನಗುವವರ ಬಾಯಿ ಕಟ್ಟಿತು.

ನಮ್ಮ ಮಗ್ಗ ನಿಂತು ನಾನು ಕೈಕಟ್ಟಿ ಕೂತಿದ್ದ ಕಾಲವದು. ದೊಡ್ಡಮ್ಮ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಗೋಲಿ ನೋಡಿ ಬೆಲೆ ಹೇಳುವುದನ್ನು ಕಲಿಸಿದರು. ಕೈಯಲ್ಲಿ ಮಾಡಿದ ಗೋಲಿಯನ್ನು ಬಣ್ಣದ ಎಳೆಗಳಿರುವ ಬಿಸಿ ಗಾಜಿನ ಕಡ್ಡಿಯ ತುದಿಯಿಂದ ಕತ್ತರಿಸಿ ತೆಗೆದಿರುತ್ತಾರೆ, ಕತ್ತರಿಸಿದ ಕಡೆ ಒರಟು ಗುರುತು ಉಳಿಯುತ್ತದೆ. ಒಳಗಿನ ಎಳೆಗಳೆಲ್ಲ ಆ ಗುರುತಿಗೇ ಬಂದು ಸೇರಬೇಕು. ಮಿಷಿನ್ನಿನ ಗೋಲಿಗೆ ಆ ಗುರುತೂ ಇಲ್ಲ, ಅಂಥ ಬೆಲೆಯೂ ಇಲ್ಲ. ಹೊಳೆಯಲಿ ಎಂದು ಉಜ್ಜಿಸಿದರೆ ಗುರುತೂ ಹೋಯಿತು, ಬೆಲೆಯೂ ಹೋಯಿತು. ಗಾತ್ರ ದೊಡ್ಡದಿದ್ದಷ್ಟೂ, ಪೆಟ್ಟು ಕಡಿಮೆಯಿದ್ದಷ್ಟೂ ಬೆಲೆ ಹೆಚ್ಚು. "ಎಳೆ ಹಿಡ್ಕೊಂಡು ಹೋಗಮ್ಮ, ಅದು ಸುಳ್ಳು ಹೇಳಲ್ಲ" ಅನ್ನುತ್ತಿದ್ದರು.

ಅವರ ಡಬ್ಬಿಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡದೊಂದು ಗೋಲಿಯಿತ್ತು. ಅಜ್ಜನ ಕಾಲದ್ದು, ಕೈಯಲ್ಲೇ ಮಾಡಿದ್ದು ಎಂದು ಊರಿಗೆಲ್ಲ ಹೇಳಿಕೊಂಡಿದ್ದರು. ಒಂದು ದಿನ ಕೊಳ್ಳುವವರೊಬ್ಬರು ಬಂದಾಗ, ಸೊಸೆಯರೆಲ್ಲ ನೋಡುತ್ತಿರುವಂತೆ, ಅದನ್ನು ನನ್ನ ಕೈಗಿಟ್ಟು ಕೈಯಲ್ಲಿ ಮಾಡಿದ್ದು ಹೌದೋ ಅಲ್ಲವೋ ನೀನೇ ಹೇಳು ಎಂದರು. ಒರಟು ಗುರುತೇನೋ ಇತ್ತು. ಎಳೆಗಳು ಮಾತ್ರ ಅದರ ಹತ್ತಿರಕ್ಕೂ ಸುಳಿದಿರಲಿಲ್ಲ. ಅದು ಎಲ್ಲೋ ಬಿದ್ದು ಚಕ್ಕೆ ಹಾರಿದ ಜಾಗ. ಜೀವನವಿಡೀ ನೂಲನ್ನು ಬೆರಳಲ್ಲೇ ನೋಡಿದವರು, ಬೆರಳಿಗೆ ಒರಟು ಸಿಕ್ಕಿದ್ದೇ ಸಾಕೆಂದು ತಮ್ಮ ಗೋಲಿಯ ಎಳೆ ಹಿಡಿದು ನೋಡಿಯೇ ಇರಲಿಲ್ಲ. ಹೂಂ ಅಂದರೆ ಕಲಿತದ್ದೆಲ್ಲ ನೀರುಪಾಲು, ಊಹೂಂ ಅಂದರೆ ಕಲಿಸಿದವರ ಮರ್ಯಾದೆ ಬೀದಿಪಾಲು.

"ಮಿಷಿನ್ನಲ್ಲಿ ಮಾಡಿದ್ದು ದೊಡ್ಡಮ್ಮ" ಅಂದೆ.

ಸೊಸೆಯೊಬ್ಬಳು ಕಿಸಕ್ಕೆಂದಳು. ದೊಡ್ಡಮ್ಮ ಗೋಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು... ಮುಖ ಕೆಂಪೇರಿತ್ತು. ಆಮೇಲೆ ಬಂದವರ ಕಡೆ ತಿರುಗಿದರು.

"ನನ್ನ ಗೋಲಿನೇ ಬಿಡ್ಲಿಲ್ಲ ಇವ್ಳು. ಇನ್ಮೇಲೆ ನಿಮ್ಮವನ್ನೂ ಇವ್ಳಿಗೇ ತೋರ್ಸಿ."

ಆ ಮಾತು ಬಾಯಿಂದ ಬಾಯಿಗೆ ಹರಡಿ ದೇವನಹಳ್ಳಿ, ಹೊಸಕೋಟೆಯಿಂದಲೂ ಜನ ಕಾಸು ಕೊಟ್ಟು ಗೋಲಿ ತೋರಿಸಲು ಬಂದರು. ನನ್ನ ಮನೆಯ ಒಲೆ ಉರಿದದ್ದು ಅದರಿಂದಲೇ. ದೊಡ್ಡಮ್ಮ ತೀರಿಕೊಂಡು ವರ್ಷಗಳಾದವು. ಎದುರುಮನೆಯ ಕಡೆ ನೋಡಿದರೆ ಈಗಲೂ ಸಂಕಟವಾಗುತ್ತದೆ.

ನಿನ್ನೆ ನೆಲಮಂಗಲದಿಂದ ಬಂದ ಹಿರಿಯರೊಬ್ಬರಿಗೆ ಅವರ ಗೋಲಿ ಕೈಯಲ್ಲಿ ಮಾಡಿದ್ದಲ್ಲ ಎಂದೆ. ಕಸಿದುಕೊಂಡು, ಬೈದು, ಎದ್ದು ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಬಹುಪಾಲು ಜನ ಹಾಗೇ ಹೋಗುತ್ತಾರೆ. ಆ ಮಾತು ಕೇಳಿಸಿಕೊಂಡೂ ಇನ್ನೊಬ್ಬರನ್ನು ನನ್ನ ಬಳಿಗೆ ಕಳಿಸಿದವರು ಇಷ್ಟು ವರ್ಷಗಳಲ್ಲಿ ದೊಡ್ಡಮ್ಮ ಒಬ್ಬರೇ.