ಹುಳದಕ್ಕನ ಮೇವು

ನೊಣದ ಮರಿಹುಳಗಳನ್ನು ಸಾಕಿ, ರೋಗಾಣುಗಳನ್ನು ತಡೆಯುವ ಅವುಗಳ ಸಾರವನ್ನು ಸಿಗಡಿಯ ಮೇವಿಗೆ ಬೆರೆಸುತ್ತಿದ್ದ ಅವಳನ್ನು ಎಲ್ಲರೂ ಹುಳದಕ್ಕ ಎನ್ನುತ್ತಿದ್ದರು. ಪಕ್ಕದಲ್ಲೇ ಸಿಗಡಿ ಹೊಂಡ ಮಾಡಿಕೊಂಡಿದ್ದ ತಮ್ಮ ಮಾತ್ರ, “ಹುಳ ತಿನ್ನಿಸಿ ಕಾಯಿಲೆ ಓಡಿಸ್ತಾಳಂತೆ!” ಎಂದು ಮೂಗು ಮುರಿಯುತ್ತಿದ್ದ.

ತನ್ನ ಹೊಂಡಕ್ಕೆ ರೋಗ ಬಿದ್ದಾಗ ಅವನೇ ಓಡಿಬಂದ. “ಅಕ್ಕಾ, ನಿನ್ನ ಮೇವು ಕೊಡೇ.”

“ಇದು ಔಷಧಿ ಅಲ್ವೋ. ಮೊದಲಿಂದ ಹಾಕಿದ್ರೆ ತಡ್ಕೊಳ್ಳೋ ಶಕ್ತಿ ಬರುತ್ತೆ, ಅಷ್ಟೇ,” ಎನ್ನುತ್ತಲೇ ಅವಳು ಮೂಟೆ ಹೊತ್ತು ನಡೆದಳು.

ಮೇವಿನ ತಟ್ಟೆಯನ್ನು ನೀರಿಗಿಳಿಸಿ, ಸ್ವಲ್ಪ ಹೊತ್ತು ಕಾದು ಮೇಲೆತ್ತಿದರು. ಮೇವು ಹಾಗೇ ಇತ್ತು. ರೋಗ ಹಿಡಿದ ಸಿಗಡಿಗಳು ತಿನ್ನುವುದನ್ನೇ ಬಿಟ್ಟಿದ್ದವು.

“ಮೊದಲೇ ಗಟ್ಟಿಯಾಗಿ ಹೇಳ್ಬಾರ್ದಿತ್ತಾ?” ಎಂದ ತಮ್ಮ.

ಬಾಯಿ ನೋಯುವಷ್ಟು ಹೇಳಿದ್ದಳು. ಈಗ ಅದನ್ನು ಎತ್ತಿ ಆಡಲು ಮನಸ್ಸು ಬರಲಿಲ್ಲ. ಸತ್ತು ದಡಕ್ಕೆ ಬಂದಿದ್ದ ಸಿಗಡಿಗಳನ್ನು ಅವನ ಜೊತೆ ನಿಂತು ಬಲೆಯಲ್ಲಿ ಬಾಚತೊಡಗಿದಳು.